ಜರ್ಮನಿಗೆ ಹೋಗಿ ಮೂಕವಾದ ಹಾರ್ನು

ರಾಂಜಣಗಾಂವ

ನಾನು ಹೊಟ್ಟೆಪಾಡಿಗೆ ಗದ್ದಲ ತಯಾರಿಸುವವನು. ಪುಣೆಯಿಂದ ನಗರ ರಸ್ತೆ ಹಿಡಿದು ರಾಂಜಣಗಾಂವದ ಮಹಾಗಣಪತಿಯ ಗುಡಿ ದಾಟಿ ಸ್ವಲ್ಪ ಒಳಗೆ ಬಂದರೆ ನಮ್ಮ ಕಾರ್ಖಾನೆ. ಕಾರಿನ ಹಾರ್ನು ಮಾಡುತ್ತೇವೆ. ಪುಣೆಯ ಯಾವುದಾದರೂ ಸಿಗ್ನಲ್ಲಿನಲ್ಲಿ ದೀಪ ಹಸಿರಾಗುವ ಮೊದಲೇ ಹಿಂದಿನವನು ಪೀಂ ಎನ್ನಿಸಿ ನಿಮ್ಮ ಜೀವ ಬಾಯಿಗೆ ತಂದಿದ್ದರೆ ಅದರಲ್ಲಿ ನನ್ನ ಕೈವಾಡವೂ ಇರಬಹುದು. ಅದಕ್ಕೆ ಕ್ಷಮೆ ಮಾತ್ರ ಕೇಳುವುದಿಲ್ಲ, ಒತ್ತಿದವನನ್ನು ಹಿಡಿದು ಕೇಳಿ.

ನನ್ನ ಹುದ್ದೆ ಗುಣಮಟ್ಟದ ಮುಖ್ಯಸ್ಥ. ಅಂದರೆ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕಿ ಸಂಬಳ ಎಣಿಸುವುದು. ಮನೆಯಲ್ಲಿ ಇದೇ ಕೆಲಸವನ್ನು ಪುಕ್ಕಟೆ ಮಾಡುತ್ತೇನೆ ಎಂಬುದು ಹೆಂಡತಿಯ ದೂರು. ಕಾರ್ಖಾನೆಯ ಮಾಲೀಕರು ಗುರುಪಾದಣ್ಣ. ಜಮಖಂಡಿ ಕಡೆಯ ಮನೆತನ. ತಂದೆಯ ಬಟ್ಟೆ ಅಂಗಡಿ ಪುಣೆ ಕ್ಯಾಂಪಿನಲ್ಲಿತ್ತು. ಬಟ್ಟೆ ಬಿಟ್ಟು ಹಾರ್ನಿಗೆ ಏಕೆ ಬಂದಿರಿ ಎಂದು ಯಾರಾದರೂ ಕೇಳಿದರೆ, "ಅಂಗ್ಡ್ಯಾಗ ಕುಂತು ದಿನಾ ಕೇಳ್ತಿದ್ನೆಪಾ, ಈ ಊರಾಗ ಮಂದಿ ಅರಿವಿ ಇಲ್ದ ಇರ್ತಾರ, ಹಾರ್ನ್ ಇಲ್ದ ಇರಂಗಿಲ್ಲಾ" ಅನ್ನುತ್ತಾರೆ. ಪೇಟೆಯ ನಾಡಿ ಅವರಿಗೆ ಗೊತ್ತು. ಅದರ ಜೊತೆಗೆ ದೇವರ ನಾಡಿಯೂ ತಮಗೆ ಗೊತ್ತೆಂದು ಅವರ ನಂಬಿಕೆ. ನಿಂಬೆಹಣ್ಣಿನ ಮೇಲೆ ಹಾಯದ ಗಾಡಿಯಲ್ಲಿ ಅವರು ಕೂರುವುದಿಲ್ಲ.

ಕಾರ್ಖಾನೆಯಲ್ಲಿ ಅವರದೊಂದು ಪದ್ಧತಿ ಇದೆ. ನಮ್ಮ ಪರೀಕ್ಷೆ ಯಂತ್ರಕ್ಕೆ ಒಂದು ಕಬ್ಬಿಣದ ಬೆರಳು. ಅದು ಹಾರ್ನನ್ನು ಲಕ್ಷಗಟ್ಟಲೆ ಸಲ ಒತ್ತುತ್ತದೆ, ಪಕ್ಕದಲ್ಲಿ ಲೆಕ್ಕ ಏರುತ್ತ ಹೋಗುತ್ತದೆ. ಆದರೆ ಮೊದಲಿನ ನಾಲ್ಕಾರು ಒತ್ತು ಲೆಕ್ಕಕ್ಕಿಲ್ಲ. ಅವು ಗಣಪ್ಪನವು. ಕಾರ್ಖಾನೆ ಶುರುವಾದ ದಿನ ಗುರುಪಾದಣ್ಣ ಮಹಾಗಣಪತಿಗೆ ಬೇಡಿಕೊಂಡದ್ದು ಹಾಗೆ: ಪ್ರತಿ ಹಾರ್ನಿನ ಮೊದಲ ಸದ್ದು ನಿನಗೆ, ಉಳಿದದ್ದು ಗಿರಾಕಿಗೆ. ತಪಾಸಣೆಗೆ ಬರುವ ದೊಡ್ಡ ಕಂಪನಿಗಳವರ ಎದುರು ನಾವು ಇದಕ್ಕೆ ವಾರ್ಮ್ ಅಪ್ ಎಂಬ ಇಂಗ್ಲಿಷ್ ಮಡಿ ಉಡಿಸಿದ್ದೆವು. ಅವರೂ ತಲೆಯಾಡಿಸಿ ಚಹಾ ಕುಡಿದು ಹೋಗುತ್ತಿದ್ದರು.

ಹೀಗಿರುವಾಗ ಜರ್ಮನಿಯ ಒಂದು ಕಾರು ಕಂಪನಿ ನಮ್ಮ ಹಾರ್ನಿನ ನಮೂನೆ ಕೇಳಿತು. ಗುರುಪಾದಣ್ಣ ಹಿಂದೆ ಮುಂದೆ ನೋಡದೆ ಹೊಸ ಶೆಡ್ಡು ಎಬ್ಬಿಸಿದರು. ಖಂಡೆ ನವಮಿಯ ಪೂಜೆಯಲ್ಲಿ ಎಲ್ಲರ ಎದುರು ತೆಂಗಿನಕಾಯಿ ಎತ್ತಿ ಹಿಡಿದು ಮಾತು ಕೊಟ್ಟರು: ಈ ಆರ್ಡರ್ ಬಂದರೆ ಹೊಸ ಶೆಡ್ಡು ಚಾಲೂ, ಗುತ್ತಿಗೆಯ ಮೇಲೆ ದುಡಿಯುತ್ತಿರುವ ಹೆಣ್ಣುಮಕ್ಕಳೆಲ್ಲ ಕಾಯಂ. ಜೋಡಣೆ ಸಾಲಿನ ಮುಖ್ಯಸ್ಥೆ ಸುನಂದಾಬಾಯಿ ಅಲ್ಲಿಯೇ ಅತ್ತುಬಿಟ್ಟಳು. ವರ್ಷಗಟ್ಟಲೆಯಿಂದ ಅವಳದೂ ಗುತ್ತಿಗೆಯೇ.

ಜರ್ಮನಿಯಿಂದ ಬಂದ ಉತ್ತರ ಚಿಕ್ಕದಿತ್ತು. ನಮೂನೆ ಫೇಲಾಗಿದೆ, ಬಂದು ನೋಡಿ, ಇಲ್ಲವಾದರೆ ನಾವು ಬೇರೆಯವರನ್ನು ನೋಡಿಕೊಳ್ಳುತ್ತೇವೆ.

"ಪುಣೆ ರಸ್ತೇದಾಗ ಸಾಯಲಾರದ್ದು ಜರ್ಮನ್ಯಾಗ ಹ್ಯಾಂಗ ಸಾಯ್ತದೋ ಕುಲಕರ್ಣಿ?" ಎಂದು ಗುರುಪಾದಣ್ಣ ನನ್ನನ್ನೇ ಗದರಿದರು. "ತಯಾರಾಗು. ನಾನೂ ಬರ್ತೀನಿ."

ಫ್ರಾಂಕ್‌ಫರ್ಟಿನ ನೆಲಮಾಳಿಗೆ

ವಿಮಾನ ನಿಲ್ದಾಣದ ಕೆಳಗಿನ ಪಾರ್ಕಿಂಗಿನಲ್ಲಿ ಬಾಡಿಗೆಯ ಕಾರು ನಮಗಾಗಿ ಕಾದಿತ್ತು. ಕಪ್ಪು ಬಣ್ಣದ ಜರ್ಮನ್ ಕಾರು, ಹೊಚ್ಚ ಹೊಸದು. ನಮ್ಮ ಸೊಸೈಟಿಯಲ್ಲೂ ಇಂಥದೊಂದಿದೆ. ವರ್ಷವಿಡೀ ಮುಸುಕು ಹೊದ್ದು ನಿಂತಿರುತ್ತದೆ, ದಿನಾ ಮುಂಜಾನೆ ಸ್ನಾನ ಮಾಡಿಸಿಕೊಳ್ಳುತ್ತದೆ, ಮದುವೆಗೆ ಮಾತ್ರ ಹೊರಡುತ್ತದೆ. ಅದರ ಹೊಟ್ಟೆಗೂ ನಮ್ಮ ಗೇಟಿನ ಸ್ಪೀಡ್ ಬ್ರೇಕರಿಗೂ ಆಗಿಬರುವುದಿಲ್ಲ. ಮಾಲೀಕ ಆಫೀಸಿಗೆ ಹೋಗುವುದು ಜಪಾನಿನವರ ಬುದ್ಧಿ, ನಮ್ಮವರ ತಗಡು ಸೇರಿ ಆದ ಸಣ್ಣ ಕಾರಿನಲ್ಲಿ.

"ತಡಿ," ಅಂದರು ಗುರುಪಾದಣ್ಣ.

ಅವರು ನಿಲ್ದಾಣದ ಅಂಗಡಿಯಲ್ಲಿ ನಿಂಬೆಹಣ್ಣು ಕೊಂಡಿದ್ದರು. ಒಂದೊಂದು ಹಣ್ಣಿಗೂ ಒಂದೊಂದು ಸ್ಟಿಕರು. ಉಗುರಿನಿಂದ ಕೆರೆದು ಸ್ಟಿಕರು ತೆಗೆದು, ಗಾಲಿಗಳ ಕೆಳಗೆ ಇಟ್ಟರು. ಕೈಚೀಲದಿಂದ ಊದುಬತ್ತಿ ಬಂತು. ಹೊಗೆ ಎದ್ದರೆ ಚಾವಣಿಯಿಂದ ನೀರು ಸುರಿದು ಪೊಲೀಸರು ಬರುತ್ತಾರೆ ಎಂದು ನಾನು ಕೈಮುಗಿದ ಮೇಲೆ, ಹೊತ್ತಿಸದ ಊದುಬತ್ತಿಯಿಂದಲೇ ಆರತಿ ಎಂದು ರಾಜಿಯಾಯಿತು. ನಾನು ಒಳಗೆ ಕುಳಿತು ಗಾಡಿ ಚಾಲೂ ಮಾಡಿದೆ. ಗುರುಪಾದಣ್ಣ ಮುಂದೆ ಬಾಗಿ ಊದುಬತ್ತಿ ಸುತ್ತಿಸತೊಡಗಿದರು. ಅವರು ಹತ್ತಿರ ಬಂದಂತೆ ಕಾರಿನ ಮೂತಿಯಲ್ಲಿದ್ದ ಸೆನ್ಸರುಗಳು ಎಚ್ಚೆತ್ತು ಟಿಣ್ ಟಿಣ್ ಎಂದವು, ಇನ್ನೂ ಹತ್ತಿರವಾದಾಗ ಟಿಣಟಿಣಟಿಣ ಎಂದು ಒಂದೇ ಸಮನೆ ಬಡಿದುಕೊಂಡವು.

ಗುರುಪಾದಣ್ಣನ ಮುಖ ಅರಳಿತು. "ನೋಡಿದ್ಯೇನೋ? ಆರತಿಗೆ ಗಾಡೀನ ಗಂಟಿ ಬಾರಿಸ್ತದ! ನಮ್ಮ ಗಾಡಿಗೋಳಿಗೆ ಇಷ್ಟು ಸಂಸ್ಕಾರ ಎಲ್ಲಿ ಅದನೋ?"

ಆಮೇಲೆ ಅರಿಸಿನ ಕುಂಕುಮ ಕಲಸಿ, ಕಾರಿನ ಹಣೆ ಎಂದು ತಮಗೆ ತೋರಿದ ಜಾಗಕ್ಕೆ, ಲಾಂಛನದ ಕೆಳಗಿದ್ದ ಗುಂಡಗಿನ ಕರೀ ಗಾಜಿಗೆ, ಹೆಬ್ಬೆರಳಿನಿಂದ ದಪ್ಪಗೆ ಬಳಿದರು. ಕಾರು ಮುಂದೆ ಸರಿದು ನಿಂಬೆ ಪಿಚಕ್ಕೆಂದಿತು. ಪಕ್ಕದಲ್ಲಿ ಪೆಟ್ಟಿಗೆ ಇಳಿಸುತ್ತಿದ್ದ ಒಬ್ಬ ಮುದುಕ ಅದನ್ನು ನೋಡಿದ, ನಮ್ಮನ್ನೂ ನೋಡಿದ. ಗದರಿಸಲಿಲ್ಲ, ಏನೆಂದೂ ಕೇಳಲಿಲ್ಲ. ಅಪ್ಪಚ್ಚಿಯಾದ ಹಣ್ಣುಗಳನ್ನು ಕಾಗದದಲ್ಲಿ ಎತ್ತಿ, ಹಸಿಕಸದ ಡಬ್ಬಿ ಎಲ್ಲಿದೆ ಎಂದು ನನಗೆ ತೋರಿಸಿ, ಪೊಟ್ಟಣವನ್ನು ನನ್ನ ಕೈಗೇ ಕೊಟ್ಟ. ಇವರ ದೇಶದಲ್ಲಿ ದೃಷ್ಟಿ ತೆಗೆದ ನಿಂಬೆಗೂ ಒಂದು ವಿಳಾಸವಿದೆ.

ಹೆದ್ದಾರಿ

ಈ ಕಾರಿನ ಮೊದಲ ಗುಣ ಮಾತುಗಾರಿಕೆ. ಬೆಲ್ಟು ಹಾಕಿಲ್ಲ ಅಂದಿತು. ಗೆರೆ ದಾಟಿದೆ ಅಂದಿತು. ಮುಂದಿನವನಿಗೆ ಹತ್ತಿರವಾದೆ ಎಂದು ಕೆಂಪು ದೀಪ ತೋರಿಸಿತು. ನಮ್ಮ ಪುಣೆಯಲ್ಲಿ ಈ ಕಾರು ಓಡಿಸಿದರೆ ಸ್ವಾರಗೇಟ್ ಮುಟ್ಟುವಷ್ಟರಲ್ಲಿ ಗಂಟಲು ಒಣಗಿ ಸಾಯುತ್ತದೆ. ಸ್ವಲ್ಪ ದೂರ ಹೋದ ಮೇಲೆ ಪರದೆಯ ಮೇಲೆ ಒಂದು ಕಪ್ಪಿನ ಚಿತ್ರ ಮೂಡಿತು, ಮೇಲೆ ಹೊಗೆಯ ಎಳೆ.

"ಏನಂತದ?"

"ನಿಮಗೆ ದಣಿವಾಗಿದೆ, ನಿಲ್ಲಿಸಿ ಕಾಫಿ ಕುಡೀರಿ ಅಂತದ."

"ನಿಲ್ಲಸು ಮತ್ತ. ನನ್ನ ಮಕ್ಕಳೂ ಹಿಂಗ ಕೇಳಿಲ್ಲಾ," ಎಂದು ಗುರುಪಾದಣ್ಣ ಭಾವುಕರಾದರು. ಕಾಫಿ ಕುಡಿದೆವು. ಬಾಯಿಗೆ ಹಚ್ಚಲಾಗದಷ್ಟು ಕಹಿ.

ಆದರೆ ಅವರ ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ. ನೂರಾರು ಕಾರುಗಳು ನಮ್ಮನ್ನು ದಾಟಿ ಗಾಳಿಯ ಹಾಗೆ ಹೋದವು. ಒಂದೂ ಹಾರ್ನು ಇಲ್ಲ. ಊರೊಳಗೆ ಇಳಿದೆವು, ಅಲ್ಲೂ ಇಲ್ಲ. ಕಸದ ಲಾರಿಯ ಹಿಂದೆ ಏಳೆಂಟು ಕಾರು ಸಾಲಾಗಿ ನಿಂತಿದ್ದವು. ಒಬ್ಬನೂ ಹಾರ್ನು ಒತ್ತಲಿಲ್ಲ. ಗುರುಪಾದಣ್ಣ ಗಾಜು ಇಳಿಸಿ ಕಿವಿಗೊಟ್ಟರು. ಅಂಥ ಚಳಿಯಲ್ಲೂ ಅವರ ಹಣೆ ಬೆವತಿತ್ತು.

"ಕುಲಕರ್ಣಿ, ಈ ಮೂಕ ಬಸಪ್ಪಗೋಳಿಗೆ ಹಾರ್ನ್ ಯಾಕ ಬೇಕೋ? ಮೀನಿಗೆ ಛತ್ರಿ ಮಾರಿದಂಗ ಆತಲ್ಲೋ."

ಮತ್ತೆ ಹೆದ್ದಾರಿಗೆ ಬಂದೆವೋ ಇಲ್ಲವೋ, ಕಾರು ಹೊಸ ರಾಗ ತೆಗೆಯಿತು. ಮುಂದಿನ ಕ್ಯಾಮೆರಾ ಕುರುಡಾಗಿದೆ, ಇನ್ನು ನನ್ನನ್ನು ನಂಬಬೇಡಿ, ಬದಿಗೆ ನಿಲ್ಲಿಸಿ. ನಿಲ್ಲಿಸಿದೆ. ಇದೇ ಸಾಸವಡದ ದಾರಿಯ ದಿವೆ ಘಾಟ್ ಆಗಿದ್ದರೆ ಬಾನೆಟ್ ಎತ್ತುವ ಮೊದಲೇ ಹತ್ತು ಮಂದಿ ತಜ್ಞರು ನೆರೆದು, ಬ್ಯಾಟರಿ ಎಂದು ಒಬ್ಬ, ಡೀಸೆಲ್ಲಿನಲ್ಲಿ ಕಸ ಎಂದು ಇನ್ನೊಬ್ಬ ಜಗಳಾಡಿ, ಅಷ್ಟರಲ್ಲಿ ಮೂರನೆಯವನು ತಳ್ಳಿಯೇಬಿಡುತ್ತಿದ್ದ. ಇಲ್ಲಿ ಒಬ್ಬನೂ ತಿರುಗಿ ನೋಡಲಿಲ್ಲ. ಗುರುಪಾದಣ್ಣ ಹಟ ಹಿಡಿದು ಬಾನೆಟ್ ಎತ್ತಿಸಿದರು. ಒಳಗೆ ಎಂಜಿನ್ನೇ ಕಾಣದು. ಎಲ್ಲವೂ ಕರೀ ಪ್ಲಾಸ್ಟಿಕ್ಕಿನ ಕೆಳಗೆ ಮುಚ್ಚಿಕೊಂಡು ಮಲಗಿತ್ತು.

ಕೊನೆಗೆ ಹಳದಿ ಕೋಟಿನ ನೆರವಿನ ಮನುಷ್ಯ ಬಂದ. ಬಾನೆಟ್ಟಿನ ಕಡೆ ಕಣ್ಣೂ ಹಾಯಿಸದೆ ತನ್ನ ಟ್ಯಾಬ್ಲೆಟ್ಟಿಗೆ ತಂತಿ ಚುಚ್ಚಿ ಓದಿದ. ಆಮೇಲೆ ಮುಂದೆ ಬಂದು ಕುಕ್ಕರಗಾಲಲ್ಲಿ ಕುಳಿತು ಗುಂಡು ಗಾಜಿನ ಮೇಲೆ ಬೆರಳಾಡಿಸಿದ. ಬೆರಳು ಕೆಂಪಗೆ, ಹಳದಿ ಹಳದಿಯಾಗಿ ಬಂತು. ಮೂಸಿ ನೋಡಿ ನನ್ನತ್ತ ತಿರುಗಿದ.

"ಕರಿ ಪೌಡರ್?"

ಹಣೆಯೆಂದು ತಿಳಿದು ಗುರುಪಾದಣ್ಣ ಕಣ್ಣಿಗೇ ಕುಂಕುಮ ಬಳಿದಿದ್ದರು. ನಾನು ಕರವಸ್ತ್ರದಿಂದ ಒರೆಸಿದೆ, ಎಚ್ಚರಿಕೆ ದೀಪ ಆರಿತು. ಇಷ್ಟೇ ತಾನೆ, ಹೊರಡೋಣ ಎಂದೆ. ಆತ ಅಡ್ಡಡ್ಡ ತಲೆಯಾಡಿಸಿದ. ಒರೆಸಿದ್ದು ಸರಿ, ಆದರೆ ಕ್ಯಾಮೆರಾಗೆ ಈಗ ನೆಟ್ಟಗೆ ಕಾಣುತ್ತಿದೆ ಎಂದು ವರ್ಕ್‌ಶಾಪು ಹೇಳಬೇಕು, ನೀವು ಹೇಳುವಂತಿಲ್ಲ. ಓಡುತ್ತಿದ್ದ ಕಾರನ್ನು ಲಾರಿಯ ಮೇಲೆ ಹತ್ತಿಸಿಕೊಂಡು ಹೋದ. ನಮ್ಮಲ್ಲಿ ಓಡದ ಕಾರನ್ನೂ ಓಡುತ್ತದೆ ಎಂದು ಮಾರುತ್ತಾರೆ.

ಟ್ಯಾಕ್ಸಿಯಲ್ಲಿ

ಮುಂದಿನ ದಾರಿಗೆ ಟ್ಯಾಕ್ಸಿ. ಚಾಲಕ ಟರ್ಕಿ ಮೂಲದವನು, ತಂದೆಯ ಕಾಲಕ್ಕೇ ಇಲ್ಲಿಗೆ ಬಂದ ಮನೆತನ. ನಮ್ಮನ್ನು ಯಾವ ಕಾರು ಕೈಬಿಟ್ಟಿತೆಂದು ಕೇಳಿ ಮನಸಾರೆ ನಕ್ಕ. ಅವನ ಟ್ಯಾಕ್ಸಿ ಜಪಾನಿನದು.

"ಜರ್ಮನ್ ಕಾರು ಕೆಟ್ಟರೆ ಯಾಕೆ ಕೆಟ್ಟೆ ಎಂದು ವಿವರವಾಗಿ ಹೇಳುತ್ತದೆ," ಅಂದ. "ಇಟಲಿಯದು ಹಾಡುತ್ತದೆ, ಮಳೆ ಬಂದರೆ ಮುನಿಸಿಕೊಳ್ಳುತ್ತದೆ. ಫ್ರಾನ್ಸಿನದರಲ್ಲಿ ಕುರ್ಚಿ ಬಲು ಮೆತ್ತಗೆ, ಕೆಟ್ಟು ನಿಂತಾಗಲೂ ಕೂತಿರಬಹುದು. ಅಮೆರಿಕದ್ದಕ್ಕೆ ನಮ್ಮ ಬೀದಿ ಸಾಲದು. ನನ್ನ ಈ ಜಪಾನಿನದಕ್ಕೆ ಮಾತೂ ಬರದು, ಹಾಡೂ ಬರದು. ಮುಂಜಾನೆ ಗುಂಡಿ ಒತ್ತಿದರೆ ಹೊರಡುತ್ತದೆ. ಇಷ್ಟು ವರ್ಷದಲ್ಲಿ ಇದರ ಬಗ್ಗೆ ಹೇಳಲು ಒಂದು ಕಥೆಯೂ ಹುಟ್ಟಿಲ್ಲ. ಹೆಂಡತಿ ಬೇಸರ ಮಾಡಿಕೊಳ್ಳುತ್ತಾಳೆ."

ಭಾರತದ ಕಾರು ಹೇಗೆ ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಗುರುಪಾದಣ್ಣ ಎದೆ ಸೆಟೆಸಿದರು. "ಹೇಳೋ ಅವಂಗ. ನಮ್ದು ಕೆಡ್ತದ. ಆದ್ರ ಕೆಟ್ಟಲ್ಲೇ ರಿಪೇರಿ ಆಗ್ತದ. ಘಾಟಿನ್ಯಾಗ ಚಹಾ ಕಾಸಾಂವನೂ ವೈರ್ ಜೋಡಸಿ ಕಳಸ್ತಾನ. ಇವರದರ ಹಂಗ ಲಾರಿ ಮ್ಯಾಲೆ ಹೆಣ ಹೊತ್ತಂಗ ಹೊತ್ಕೊಂಡ ಹೋಗಂಗಿಲ್ಲ."

ಹೆಣದ ಭಾಗ ಬಿಟ್ಟು ಉಳಿದದ್ದನ್ನು ಅನುವಾದಿಸಿದೆ. ಚಾಲಕ ಕನ್ನಡಿಯಲ್ಲಿ ನಮ್ಮನ್ನು ನೋಡಿದ. "ಅಂದರೆ ನಿಮ್ಮಲ್ಲಿ ಗಟ್ಟಿ ಇರುವುದು ಕಾರಲ್ಲ, ಮನುಷ್ಯರು," ಅಂದ. ಗುರುಪಾದಣ್ಣನಿಗೆ ಇದು ಹೊಗಳಿಕೆಯೆಂದೇ ಕೇಳಿಸಿತು. ಪೂರ್ತಿ ಹಾಗಲ್ಲ ಎಂದು ನನಗೆ ಅನ್ನಿಸಿತಾದರೂ ಹಿರಿಯರ ಸಂತೋಷಕ್ಕೆ ಅಡ್ಡಿ ಬರಲಿಲ್ಲ.

ಅಷ್ಟರಲ್ಲಿ ಸುನಂದಾಬಾಯಿಯ ಫೋನು ಬಂತು. "ಝಾಲಂ ಕಾ, ಸಾಹೇಬ್?" ಆಯಿತೇ ಎಂದಷ್ಟೇ ಕೇಳಿದಳು. ಹಿಂದೆ ಯಂತ್ರಗಳ ಸದ್ದು, ಅದರ ಹಿಂದೆ ಹೆಂಗಸರ ಪಿಸುಮಾತು. ಇನ್ನೂ ಇಲ್ಲ ಎಂದು ಹೇಳಿ ಇಟ್ಟೆ.

ಪರೀಕ್ಷಾಲಯ

ಹಾರ್ನು ವಿಭಾಗದ ಮುಖ್ಯಸ್ಥೆ ಬ್ರಿಗಿಟ್ಟೆ ಎಂಬಾಕೆ, ಎತ್ತರದ ಹೆಂಗಸು, ನರೆತ ಮೋಟು ಕೂದಲು. ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಳು. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಎಷ್ಟು ಹೊತ್ತು ಸುಮ್ಮನಿರುತ್ತಿದ್ದಳೆಂದರೆ ಆ ಸಂದಿಯಲ್ಲಿ ನಮ್ಮ ಕಡೆ ಒಂದು ಮದುವೆ ಮಾತುಕತೆ ಮುಗಿಯುತ್ತದೆ.

ಅವಳ ಕೋಣೆಯಲ್ಲಿ ಒಂದು ಕಪಾಟು. ಗುಜರಿಗೆ ಬಿದ್ದ ಕಾರುಗಳಿಂದ ಬಿಚ್ಚಿ ತಂದ ಹಾರ್ನುಗಳನ್ನು ದೇಶದ ಪ್ರಕಾರ ಸಾಲಾಗಿ ಜೋಡಿಸಿದ್ದಳು. ಪ್ರತಿಯೊಂದನ್ನೂ ಕೊಯ್ದು, ಒಳಗೆ ವಿದ್ಯುತ್ತು ಮುಟ್ಟಿಸುವ ಎರಡು ಪುಟ್ಟ ಬಿಲ್ಲೆಗಳು ಕಾಣುವಂತೆ ಇಟ್ಟಿದ್ದಳು. ಜರ್ಮನಿಯವು ಥಳಥಳ ಹೊಸವು. ಜಪಾನಿನವೂ ಅಷ್ಟೇ. ಇಟಲಿಯವು ಸಾಕಷ್ಟು ಸವೆದಿದ್ದವು. ಕೊನೆಯಲ್ಲಿ ಭಾರತ. ಬಿಲ್ಲೆಗಳು ಹಳೇ ಗುಡಿಯ ಹೊಸ್ತಿಲಿನ ಹಾಗೆ ನಡುವೆ ತಗ್ಗು ಬಿದ್ದಿದ್ದವು.

"ಇದನ್ನು ನೋಡಿ ನಾವು ಆಶ್ಚರ್ಯಪಟ್ಟಿದ್ದೇವೆ," ಎಂದಳು. "ಇಷ್ಟು ಸವೆದರೂ ಇದು ಕೂಗುತ್ತಿತ್ತು. ನಿಮ್ಮನ್ನು ಕರೆದದ್ದು ಅದಕ್ಕೇ."

ಗುರುಪಾದಣ್ಣ ನನ್ನ ಪಕ್ಕೆ ತಿವಿದರು. ಅವರ ಕಣ್ಣಲ್ಲಿ ನೀರಿತ್ತು.

ಆಮೇಲೆ ಅವಳು ಒಂದು ಪೆಟ್ಟಿಗೆಯ ಬಾಗಿಲು ತೆರೆದಳು. ಒಳಗಿನಿಂದ ಉಪ್ಪಿನ ವಾಸನೆಯ ತಣ್ಣನೆ ಹವೆ ಬಂತು. ಇಲ್ಲಿ ಚಳಿಗಾಲದಲ್ಲಿ ಮಂಜು ಕರಗಲೆಂದು ರಸ್ತೆಗೆ ಉಪ್ಪು ಎರಚುತ್ತಾರೆ. ಆ ಉಪ್ಪುನೀರು ಕಾರಿನ ಮೂಲೆ ಮೂಲೆಗೂ ನುಗ್ಗುತ್ತದೆ. ಹಲವು ಚಳಿಗಾಲಗಳ ಉಪ್ಪು ಮತ್ತು ಥಂಡಿಯನ್ನು ಈ ಪೆಟ್ಟಿಗೆಯಲ್ಲಿ ಕೆಲವೇ ವಾರಗಳಲ್ಲಿ ಉಣಿಸುತ್ತಾರಂತೆ. ಅಷ್ಟೂ ದಿನ ಹಾರ್ನನ್ನು ಯಾರೂ ಒತ್ತುವುದಿಲ್ಲ. ನಮ್ಮ ಹಾರ್ನನ್ನು ಹೊರತೆಗೆದು ತಂತಿಗೆ ಸಿಕ್ಕಿಸಿ, ಗುಂಡಿಯನ್ನು ಒಮ್ಮೆ ಒತ್ತಿದಳು.

ಸದ್ದಿಲ್ಲ.

ಕೈ ಕಟ್ಟಿಕೊಂಡು ನಿಂತಳು. ಗುರುಪಾದಣ್ಣ ತಡೆಯಲಾರದೆ ಮುಂದೆ ನುಗ್ಗಿ ತಾವೇ ಒತ್ತಿದರು. ಕೊರ್ ಎಂದಿತು. ಮತ್ತೊಮ್ಮೆ ಒತ್ತಿದರು, ಅರ್ಧ ಕೂಗಿತು. ನಾಲ್ಕನೆಯ ಸಲಕ್ಕೆ ಗಾಜು ಅದುರುವಂತೆ ಅರಚಿತು. ಅಕ್ಕಪಕ್ಕದ ಕೋಣೆಗಳಿಂದ ತಲೆಗಳು ಹೊರಬಂದವು.

"ಬಂತಲ್ರಿ ಬಾಯಾರ!"

"ನೀವು ಮತ್ತೆ ಯಾಕೆ ಒತ್ತಿದಿರಿ?" ಬ್ರಿಗಿಟ್ಟೆ ನಿಜವಾಗಿಯೂ ತಿಳಿಯದೆ ಕೇಳಿದಳು.

"ಬರ್ಲಿಲ್ಲಂತ ಒತ್ತಿದ್ನೆಪಾ."

ನನಗೆ ಆಗ ಹೊಳೆಯಿತು. ಬಿಲ್ಲೆಗಳ ಮೇಲೆ ತೆಳ್ಳಗೆ ಕಿಲುಬು ಹತ್ತಿದೆ. ಮೊದಲ ಒತ್ತುಗಳಲ್ಲಿ ಅದು ಉಜ್ಜಿ ಹೋಗುತ್ತದೆ, ಆಮೇಲೆ ಹಾರ್ನು ಲಕ್ಷ ಸಲ ಕೂಗಲು ತಯಾರು. ಪುಣೆಯಲ್ಲಿ ಇದು ಯಾರಿಗೂ ಗೊತ್ತಾಗುವ ಸಂಭವವೇ ಇಲ್ಲ. ಮನೆಯ ಗೇಟು ದಾಟುವಷ್ಟರಲ್ಲಿ ನಾವು ಹತ್ತು ಸಲ ಒತ್ತಿರುತ್ತೇವೆ, ಕಿಲುಬು ಹತ್ತಲು ಪುರುಸೊತ್ತೆಲ್ಲಿ? ನಮ್ಮ ಕಾರ್ಖಾನೆಯಲ್ಲಂತೂ ಗೊತ್ತಾಗಲು ದಾರಿಯೇ ಇರಲಿಲ್ಲ. ಆ ಮೊದಲ ಒತ್ತುಗಳು ಗಣಪ್ಪನವು.

"ಅಕಿಗೆ ಹೇಳೋ," ಎಂದು ಗುರುಪಾದಣ್ಣ ಕನ್ನಡದಲ್ಲಿ ಕುದಿದರು. "ಮೊದ್ಲಿನ ಒತ್ತು ಗಣಪ್ಪಂದು. ಅದನ್ನ ಇವರು ಹ್ಯಾಂಗ ಎಣಸ್ತಾರ?"

ನಾನು ಅರ್ಧ ನುಂಗಿ, ನಮ್ಮಲ್ಲಿ ಮೊದಲ ಒತ್ತನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದೆ.

ಅವಳು ತನ್ನ ದೀರ್ಘ ಮೌನ ಮುಗಿಸಿದಳು. "ನಾವು ಅದೊಂದನ್ನೇ ಹಿಡಿಯುತ್ತೇವೆ. ಇಲ್ಲಿಯ ಮನುಷ್ಯ ಹತ್ತು ವರ್ಷ ಹಾರ್ನು ಮುಟ್ಟುವುದಿಲ್ಲ. ಒಂದು ದಿನ ಒಮ್ಮೆ ಒತ್ತುತ್ತಾನೆ. ಆಗ ಅದು ಕೂಗಬೇಕು."

ಒತ್ತುವುದಿದ್ದರೆ ಎರಡೆರಡು ಸಲ ಒತ್ತಿ ಎಂದು ಗಿರಾಕಿಗೆ ಚೀಟಿ ಅಂಟಿಸಿ ಕೊಡೋಣ ಎಂದು ಗುರುಪಾದಣ್ಣ ಸಲಹೆ ಕೊಟ್ಟರು. ನಾನು ಅನುವಾದಿಸಲಿಲ್ಲ. ನಾಳೆ ಮತ್ತೆ ಸೇರೋಣ, ನಿಮ್ಮ ಉತ್ತರ ನೋಡಿ ವರದಿ ಬರೆಯುತ್ತೇನೆ ಎಂದು ಬ್ರಿಗಿಟ್ಟೆ ಎದ್ದಳು. ಸುನಂದಾಬಾಯಿಯ ಫೋನನ್ನು ಆ ಸಂಜೆ ನಾನು ಎತ್ತಲಿಲ್ಲ.

ಅಂಗಡಿಯ ಮುಂದೆ

ಮರುದಿನ ಮುಂಜಾನೆ ನಮ್ಮ ಕಾರು ವರ್ಕ್‌ಶಾಪಿನಿಂದ ಕಣ್ಣು ತೋರಿಸಿಕೊಂಡು ವಾಪಸು ಬಂತು. ಗುರುಪಾದಣ್ಣನಿಗೆ ಮೊಸರು ಬೇಕಿತ್ತು. ಬ್ರೆಡ್ಡು ತಿಂದು ತಿಂದು ಹೊಟ್ಟೆಯೊಳಗೆ ಗೋಣೀಚೀಲ ತುಂಬಿದ ಹಾಗಾಗಿದೆ ಎಂದು ರಾತ್ರಿಯೆಲ್ಲ ಹೊರಳಾಡಿದ್ದರು. ದೊಡ್ಡ ಅಂಗಡಿಯೊಂದರ ಮುಂದೆ ನಾನು ಕಾರಿನಲ್ಲೇ ಕುಳಿತೆ, ಅವರು ಒಳಗೆ ಹೋದರು.

ಬರುವಾಗ ಮೊಸರಿನ ಡಬ್ಬಿ ಎದೆಗವುಚಿಕೊಂಡು, ಅದರ ಮೇಲೆ ಬರೆದದ್ದನ್ನು ಕಣ್ಣು ಕಿರಿದು ಮಾಡಿ ಓದುತ್ತ ಬಂದರು. ಬಿಳಿಯ ದೊಡ್ಡ ವ್ಯಾನೊಂದು ಅವರ ಕಡೆಗೇ ಹಿಂದಕ್ಕೆ ಬರುತ್ತಿತ್ತು. ವ್ಯಾನಿನವನಿಗೆ ಇವರು ಕಾಣುತ್ತಿರಲಿಲ್ಲ, ಇವರಿಗೆ ವ್ಯಾನು. ಕೂಗಿದರೆ ಗಾಜಿನಾಚೆ ಕೇಳಿಸದು. ನನ್ನ ಕೈ ತಾನಾಗಿ ಹಾರ್ನಿನ ಮೇಲೆ ಬಿತ್ತು.

ಒಂದೇ ಒತ್ತು. ಒಂದೇ ಕೂಗು, ದುಂಡಗಿನ ದೊಡ್ಡ ಕೂಗು.

ವ್ಯಾನು ನಿಂತಲ್ಲೇ ನಿಂತಿತು. ಗುರುಪಾದಣ್ಣ ತಿರುಗಿದಾಗ ಅದರ ಹಿಂಬಾಗಿಲು ಅವರ ಮೂಗಿನಿಂದ ಗೇಣು ದೂರದಲ್ಲಿತ್ತು. ಇಡೀ ಅಂಗಳವೇ ನಿಂತಿತು. ತಳ್ಳುಗಾಡಿ ಹಿಡಿದ ಹೆಂಗಸರು, ಸೈಕಲ್ಲಿನವನು, ಒಂದು ನಾಯಿ, ಎಲ್ಲರೂ ನನ್ನತ್ತ ನೋಡಿದರು. ನಾನು ಪುಣೆಯ ರೂಢಿಯ ಪ್ರಕಾರ ಇನ್ನೆರಡು ಸಲ ಒತ್ತಿದೆ. ಆಗ ಮಾತ್ರ ಅವರ ನೋಟ ಬದಲಾಯಿತು, ಹುಚ್ಚನನ್ನು ನೋಡುವ ಹಾಗೆ. ವ್ಯಾನಿನವನು ಇಳಿದು ಬಂದು ಗುರುಪಾದಣ್ಣನ ತೋಳು ಹಿಡಿದು ಏನೇನೋ ಕೇಳಿದ. ಅವನ ಮುಖ ಸುಣ್ಣದಂತಾಗಿತ್ತು.

ಗುರುಪಾದಣ್ಣ ಬಂದು ಪಕ್ಕದಲ್ಲಿ ಕುಳಿತರು. ಡಬ್ಬಿ ಬಿಟ್ಟಿರಲಿಲ್ಲ. ಬೈದಾಡುತ್ತ ಇಷ್ಟು ವರ್ಷ ಜೊತೆಗಿದ್ದ ಈ ಮನುಷ್ಯ ನನಗೆ ಇಷ್ಟು ಬೇಕಾದವರು ಎಂದು ಆ ಗಳಿಗೆಯವರೆಗೆ ನನಗೇ ಗೊತ್ತಿರಲಿಲ್ಲ.

ಗುರುಪಾದಣ್ಣ ಕೇಳಿದರು. "ಈ ಗಾಡಿ ಹಾರ್ನ್ ಇದಕ್ಕೂ ಮುಂಚೆ ಯಾರರೆ ಒತ್ತಿದ್ರೇನೋ?"

"ಅನಸಂಗಿಲ್ರಿ. ಇದ ಮೊದಲನೇದಿರಬೇಕು."

ಮೊಸರಿನ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡರು.

"ಉಪ್ಪು ತಿಂದ ನಮ್ದು ಇದ್ದಿದ್ರ?"

ನಾನು ಗಾಡಿ ಚಾಲೂ ಮಾಡಿದೆ.

"ಇಷ್ಟು ವರ್ಷ ಗಣಪ್ಪಗ ಮೊದಲಿಂದು ಕೊಟ್ಟೇನಿ ಅಂತ ಮೆರದೆ," ಅಂದರು. "ಕೊಟ್ಟದ್ದು ಕೆಟ್ಟ ಮಾಲಲ್ಲೋ, ಕುಲಕರ್ಣಿ. ಚಲೋದೆಲ್ಲಾ ಮಾರಕೊಂಡು, ಬರಲಾರದ್ದನ್ನ ತಗದು ದೇವರ ಮುಂದ ಇಟ್ಟೆ."

ಆ ಮುಂಜಾನೆಯ ಸಭೆಯಲ್ಲಿ ಅವರು ವಾದ ಮಾಡಲಿಲ್ಲ. ತಪ್ಪು ನಮ್ಮದು, ಬಿಲ್ಲೆಗೆ ಗಾಳಿ ನೀರು ತಾಕದ ಮುಚ್ಚಳ ಮಾಡುತ್ತೇವೆ, ಮೊದಲ ಒತ್ತಿನಿಂದಲೇ ಎಣಿಸುತ್ತೇವೆ, ಸ್ವಲ್ಪ ಸಮಯ ಕೊಡಿ ಎಂದರು. ನಾನು ಒಂದಕ್ಷರವನ್ನೂ ನುಂಗದೆ ಅನುವಾದಿಸಿದೆ. ಬ್ರಿಗಿಟ್ಟೆ ತನ್ನ ಮೌನವನ್ನು ಈ ಸಲ ಇನ್ನೂ ಉದ್ದ ಎಳೆದು, ಕೊಟ್ಟೆ ಎಂದಳು. ಹೊರಡುವಾಗ ಅವಳ ಉಪ್ಪಿನ ಪೆಟ್ಟಿಗೆಗೆ ಒಂದು ಕುಂಕುಮದ ಬೊಟ್ಟು ಇಡಬಹುದೇ ಎಂದು ಗುರುಪಾದಣ್ಣ ಕೇಳಿದರು. ಕ್ಯಾಮೆರಾ ಇಲ್ಲದ ಜಾಗವನ್ನು ಅವಳೇ ಬೆರಳಿನಿಂದ ತೋರಿಸಿದಳು. ಬಾಡಿಗೆ ಕಾರಿನ ಕಥೆ ಅವಳಿಗೆ ಹೇಗೆ ತಲುಪಿತೋ ತಿಳಿಯದು.

ಮತ್ತೆ ಪುಣೆ

ಊರಿಗೆ ಬಂದು ಮುಚ್ಚಳ ಮಾಡುವುದರಲ್ಲಿ ತಿಂಗಳುಗಳು ಹೋದವು. ಅವಳದರಂಥದೇ ಉಪ್ಪಿನ ಪೆಟ್ಟಿಗೆ ನಾವೂ ಕಟ್ಟಿಸಿದೆವು. ಹಾರ್ನುಗಳು ಅದರೊಳಗೆ ಮೌನವ್ರತ ಹಿಡಿದು ಮಲಗಿದ್ದಷ್ಟು ದಿನ ಕಾರ್ಖಾನೆಯಲ್ಲಿ ಒಬ್ಬರಿಗೂ ನೆಮ್ಮದಿಯಿಲ್ಲ. ತೆಗೆದ ದಿನ ಒತ್ತುವವರು ಯಾರು ಎಂಬ ಪ್ರಶ್ನೆ ಬಂತು. ಗುರುಪಾದಣ್ಣ ಸುನಂದಾಬಾಯಿಯನ್ನು ಕರೆದರು. "ಏಕದಾಚ," ಎಂದು ಬೆರಳೆತ್ತಿ ಎಚ್ಚರಿಸಿದರು. ಒಮ್ಮೆ ಮಾತ್ರ. ಅವಳು ಸೆರಗಿಗೆ ಕೈ ಒರೆಸಿಕೊಂಡು, ಗುಡಿಯ ದಿಕ್ಕಿಗೆ ನಮಸ್ಕರಿಸಿ, ಕಣ್ಣು ಮುಚ್ಚಿ ಒತ್ತಿದಳು.

ಕೂಗಿತು. ಒಂದಾದ ಮೇಲೊಂದು, ಪ್ರತಿಯೊಂದೂ ಮೊದಲ ಒತ್ತಿಗೇ ಕೂಗಿತು. ಹೆಂಗಸರು ಅಳುತ್ತಲೇ ಚಪ್ಪಾಳೆ ಹೊಡೆದರು. ನನ್ನ ಕಣ್ಣೂ ಒದ್ದೆಯಾಯಿತು. ಬ್ರಿಗಿಟ್ಟೆಯ ಪೆಟ್ಟಿಗೆಯಲ್ಲೂ ಪಾಸಾದವು. ಆರ್ಡರ್ ಬಂತು, ಶೆಡ್ಡು ಚಾಲೂ ಆಯಿತು, ಗುರುಪಾದಣ್ಣ ಮಾತು ಉಳಿಸಿಕೊಂಡರು. ಇದೊಂದನ್ನು ನಾನು ಗೇಲಿ ಮಾಡಲಾರೆ. ಹೊಸ ಮುಚ್ಚಳ ಹೊರದೇಶದ ಮಾಲಿಗೆ ಮಾತ್ರ ಸಾಕು, ಇಲ್ಲಿಯವರಿಗೆ ಹಳೆಯದೇ ನಡೆಯುತ್ತದೆ ಎಂದು ಲೆಕ್ಕಪತ್ರದವರು ಹೇಳಿದಾಗ, "ಇಲ್ಲಿ ಮಂದೀದು ಜೀವ ಅಲ್ಲೇನು?" ಎಂದು ಗುಡುಗಿ ಎರಡಕ್ಕೂ ಅದನ್ನೇ ಹಾಕಿಸಿದರು.

ಜರ್ಮನಿಯ ಗಾಳಿ ಅವರಿಗೆ ಸ್ವಲ್ಪ ದಿನ ಹತ್ತಿಕೊಂಡಿತ್ತು. ತಮ್ಮ ಚಾಲಕ ತಾನಾಜಿಗೆ, ಇನ್ನು ಮೇಲೆ ಒಂದು ಜಾಗದಲ್ಲಿ ಒಂದೇ ಹಾರ್ನು ಎಂದು ಆಜ್ಞೆ ಮಾಡಿದರು. ತಾನಾಜಿ ನಿಷ್ಠೆಯಿಂದ ಪಾಲಿಸಿದ. ಅಂದು ನೀರಿನ ಟ್ಯಾಂಕರಿನ ಹಿಂದೆ ಸಿಕ್ಕಿಕೊಂಡ ಅವರು ಕಾರ್ಖಾನೆಗೆ ಬಂದಾಗ ನಾವೆಲ್ಲ ಮಧ್ಯಾಹ್ನದ ಊಟ ಮುಗಿಸಿದ್ದೆವು.

ಶೆಡ್ಡಿಗೆ ವರ್ಷ ತುಂಬಿದ ಪೂಜೆಯ ಹಿಂದಿನ ದಿನ ಪೇಢೆ ಕೊಳ್ಳಲು ಇಬ್ಬರೂ ಕ್ಯಾಂಪಿಗೆ ಹೋದೆವು. ಅವರ ತಂದೆಯ ಅಂಗಡಿ ಇದ್ದ ಬೀದಿ ಅದು. ಪೊಟ್ಟಣ ಹಿಡಿದು ರಸ್ತೆ ದಾಟುತ್ತಿದ್ದೆವು. ರಿಕ್ಷಾ, ಸ್ಕೂಟರು, ಬಸ್ಸು, ಎಲ್ಲವೂ ಎಂದಿನಂತೆ ಅರಚಿಕೊಳ್ಳುತ್ತಿದ್ದವು. ನಾನು ಎರಡು ಹೆಜ್ಜೆ ಮುಂದಿದ್ದೆ. ಹಿಂದಿನಿಂದ ಒಂದು ಕಾರು ಗಟ್ಟಿಯಾಗಿ ಹಾರ್ನು ಮಾಡಿತು. ತಿರುಗಿ ನೋಡಿದರೆ ಗುರುಪಾದಣ್ಣ ನಡುರಸ್ತೆಯಲ್ಲಿ ಪೇಢೆಯ ಪೊಟ್ಟಣದ ದಾರ ಬಿಗಿಯುತ್ತ ನಿಂತಿದ್ದಾರೆ, ಕಾರು ಅವರ ಮೇಲೆಯೇ ಬರುತ್ತಿದೆ. ತೋಳು ಹಿಡಿದು ಎಳೆದೆ. ಕಾರು ಅವರ ಅಂಗಿಯನ್ನು ಸವರಿಕೊಂಡು ಹೋಯಿತು. ಪೇಢೆ ಬೀದಿಯ ಪಾಲಾದವು.

"ಕಿವಿ ಕೇಳಸಂಗಿಲ್ಲೇನ್ರಿ?" ಎಂದು ಭಯದಲ್ಲಿ ಚೀರಿದೆ. "ಅಷ್ಟು ದೊಡ್ಡದಾಗಿ ಹಾರ್ನ್ ಹೊಡದನಲ್ಲ!"

ಅವರು ಏದುಸಿರು ಬಿಡುತ್ತ ಫುಟ್‌ಪಾತಿನ ಅಂಚಿಗೆ ಕುಳಿತರು. ಕಾರು ಹೋದ ಕಡೆಗೇ ನೋಡುತ್ತಿದ್ದರು.

"ಕೇಳಿಸ್ತೋ ಮಾರಾಯಾ. ನಮ್ದ ಹಾರ್ನ್. ಹೊಸಾದು, ಮೊದಲ್ನೇ ಒತ್ತಿಗೇ ಬಂತು." ಅಂಗಿಯ ಧೂಳು ಜಾಡಿಸಿಕೊಂಡರು. "ಆದ್ರ ನನಗ ಹೊಡದದ್ದು ಅಂತ ಅನಸ್ಲಿಲ್ಲಾ."